ಮುಚ್ಚಿದ ಕಿಟಕಿಯ ಹಿಂದಿನ ಕಾವಲುಗಾರ

ಕಳೆದ ವರ್ಷದ ಮಾತು. ನನ್ನಲ್ಲಿ ಓದಿದ ವಿದ್ಯಾರ್ಥಿನಿಯೊಬ್ಬಳಿಗೆ ಒಂದು ವಿದ್ಯಾರ್ಥಿವೇತನಕ್ಕಾಗಿ ಶಿಫಾರಸು ಪತ್ರ ಬೇಕಾಗಿತ್ತು. ಶನಿವಾರ ಸಂಜೆ ಐದು ಗಂಟೆಗೆ ಗಡುವು. ಶುಕ್ರವಾರ ರಾತ್ರಿ ಕುಳಿತು, ಹುಡುಗಿಯ ಯೋಗ್ಯತೆಗೆ ತಕ್ಕಂತೆ ಎರಡು ಪುಟ ಬರೆದು, ಗಣಕಯಂತ್ರದ ಇ-ಮೇಲ್ ತಂತ್ರಾಂಶದಲ್ಲಿ ‘ಕಳುಹಿಸು’ ಎಂಬ ಗುಂಡಿಯನ್ನು ಒತ್ತಿದೆ. ಒಡನೆಯೇ ಮೂಲೆಯಲ್ಲಿದ್ದ ಗುಣಾಕಾರದ ಗುರುತನ್ನೂ ಒತ್ತಿ ಕಿಟಕಿಯನ್ನು ಮುಚ್ಚಿದೆ. ಕರ್ತವ್ಯ ಮುಗಿಯಿತೆಂಬ ಸಮಾಧಾನದಿಂದ ಮಲಗಿದೆ.

ಆ ಗಳಿಗೆಯಲ್ಲಿ ಮನೆಯ ಇಂಟರ್‌ನೆಟ್ ಸಂಪರ್ಕ ಕಡಿದುಹೋಗಿತ್ತು. ಅದನ್ನು ನಾನು ಗಮನಿಸಿರಲಿಲ್ಲ. ಅರ್ಧ ಗಂಟೆಯಲ್ಲಿ ಸಂಪರ್ಕವೇನೋ ಮರಳಿ ಬಂದಿತು. ಆದರೆ ಪತ್ರವನ್ನು ಒಯ್ಯಬೇಕಾದವನನ್ನು ನಾನೇ ಮನೆಗೆ ಕಳುಹಿಸಿಬಿಟ್ಟಿದ್ದೆ. ಸೋಮವಾರ ಬೆಳಗ್ಗೆ ತಂತ್ರಾಂಶವನ್ನು ತೆರೆದಾಗ, ‘ಔಟ್‌ಬಾಕ್ಸ್’ನಲ್ಲಿ ಕಾದು ಕುಳಿತಿದ್ದ ಆ ಪತ್ರ ನನ್ನ ಕಣ್ಣೆದುರಿಗೇ ಹೊರಟುಹೋಯಿತು. ಗಡುವು ಕಳೆದು ಎರಡು ದಿನಗಳಾಗಿದ್ದವು. ಹುಡುಗಿಗೆ ಫೋನ್ ಮಾಡಿ ತಿಳಿಸಿದೆ. “ಪರವಾಗಿಲ್ಲ ಸರ್, ಮುಂದಿನ ವರ್ಷ ನೋಡೋಣ” ಎಂದಳು. ಬೈದಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ.

ರಸ್ತೆಯ ಬದಿಯ ಕೆಂಪು ಡಬ್ಬಿಗೆ ಹಾಕಿದ ಕಾಗದ ನಮ್ಮ ಕೈ ಬಿಟ್ಟಂತೆಯೇ ಸರಿ. ನಾವು ಮಲಗಿದರೂ ಅದನ್ನು ಒಯ್ಯುವವರು ಎದ್ದಿರುತ್ತಾರೆ. ಆದರೆ ಗಣಕಯಂತ್ರದ ಔಟ್‌ಬಾಕ್ಸ್ ಎಂಬ ಡಬ್ಬಿ ನಮ್ಮ ಮನೆಯ ಒಳಗೇ ಇರುವಂಥದು. ತಂತ್ರಾಂಶ ಎಚ್ಚರವಾಗಿದ್ದರೆ ಮಾತ್ರ ಅದಕ್ಕೆ ಜೀವ. ಹಾಗಾದರೆ ಕಿಟಕಿಯನ್ನು ಮುಚ್ಚುವುದೆಂದರೆ ಏನು? ಬಾಗಿಲು ಹಾಕಿಕೊಂಡದ್ದೇ, ಅಥವಾ ಒಳಗಿನ ಆಳಿಗೆ ಕೆಲಸ ಬಿಡಿಸಿದ್ದೇ? ಈ ಪ್ರಶ್ನೆ ಸಣ್ಣದೆಂದು ತೋರಬಹುದು. ಅದರ ಹಿಂದೆ ಅರವತ್ತು ವರ್ಷಗಳಿಗೂ ಮೀರಿದ ಒಂದು ಇತಿಹಾಸವಿದೆ.

ಆ ಇತಿಹಾಸ ಅಮೆರಿಕದ ಮಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಆರಂಭವಾಗುತ್ತದೆ. ಕೋಣೆಯನ್ನೇ ತುಂಬುವಂಥ ಒಂದು ಗಣಕಯಂತ್ರವನ್ನು ಅನೇಕರು ಏಕಕಾಲದಲ್ಲಿ ಹಂಚಿಕೊಂಡು ಬಳಸುವ ಒಂದು ವ್ಯವಸ್ಥೆಯನ್ನು ಫರ್ನಾಂಡೋ ಕೊರ್ಬಾಟೊ ಎಂಬ ವಿಜ್ಞಾನಿಯೂ ಆತನ ಸಂಗಡಿಗರೂ ೧೯೬೧ರಲ್ಲಿ ಅಲ್ಲಿ ಪ್ರದರ್ಶಿಸಿದರು. ಬಳಸುವವರು ಬರುತ್ತಾರೆ, ಹೋಗುತ್ತಾರೆ. ಯಂತ್ರ ಮಾತ್ರ ನಡೆಯುತ್ತಲೇ ಇರಬೇಕು. ಯಾರೂ ಆಜ್ಞೆ ಕೊಡದಿದ್ದರೂ ಆಗಲೇಬೇಕಾದ ಕೆಲವು ಮನೆಗೆಲಸಗಳು ಅದಕ್ಕಿದ್ದವು. ಕಡತಗಳ ಪ್ರತಿಯನ್ನು ಆಗಾಗ ಟೇಪಿಗೆ ಇಳಿಸಿಡುವುದು ಅಂಥದೊಂದು ಕೆಲಸ. ಅದಕ್ಕಾಗಿ ತೆರೆಮರೆಯಲ್ಲಿ ಸದಾ ಎಚ್ಚರವಾಗಿರುವ ಒಂದು ಪ್ರೋಗ್ರಾಮನ್ನು ಅವರು ರಚಿಸಿದರು. ಸುಮಾರು ೧೯೬೩ರಲ್ಲಿ ಅದಕ್ಕೆ ‘ಡೀಮನ್’ ಎಂದು ಹೆಸರಿಟ್ಟರು.

ಹೆಸರಿನ ಮೂಲ ಭೌತಶಾಸ್ತ್ರದಲ್ಲಿದೆ. ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್ ಎಂಬ ಸ್ಕಾಟ್ಲೆಂಡಿನ ವಿಜ್ಞಾನಿ ೧೮೬೭ರಲ್ಲಿ ತನ್ನ ಸ್ನೇಹಿತನಿಗೆ ಬರೆದ ಪತ್ರವೊಂದರಲ್ಲಿ ಒಂದು ಕಲ್ಪನೆಯನ್ನು ಮುಂದಿಟ್ಟ. ಅನಿಲ ತುಂಬಿದ ಪೆಟ್ಟಿಗೆಯಲ್ಲಿ ಎರಡು ಕೋಣೆಗಳು; ನಡುವೆ ಒಂದು ಪುಟ್ಟ ಬಾಗಿಲು; ಅಲ್ಲೊಬ್ಬ ಅತಿ ಸೂಕ್ಷ್ಮ ದೃಷ್ಟಿಯ ದ್ವಾರಪಾಲಕ. ವೇಗದ ಕಣಗಳನ್ನು ಒಂದು ಕಡೆಗೆ, ನಿಧಾನದವನ್ನು ಇನ್ನೊಂದು ಕಡೆಗೆ ಬಿಡುತ್ತ ಅವನು ದಣಿವಿಲ್ಲದೆ ದುಡಿಯುತ್ತಾನೆ. ಈ ದ್ವಾರಪಾಲಕನನ್ನು ಮುಂದೆ ವಿಲಿಯಂ ಥಾಮ್ಸನ್ ‘ಡೀಮನ್’ ಎಂದು ಕರೆದ. ಕೊರ್ಬಾಟೊನ ಗುಂಪಿನವರಿಗೆ ಹಿಡಿಸಿದ್ದು ಈ ದಣಿವರಿಯದ ಗುಣವೇ. ಗ್ರೀಕರ ಮೂಲ ಪದಕ್ಕೆ ಪಿಶಾಚಿ ಎಂಬ ಅರ್ಥ ಮೊದಲು ಇರಲಿಲ್ಲ. ಮನುಷ್ಯನಿಗೂ ದೇವರಿಗೂ ನಡುವಣ ಒಂದು ಶಕ್ತಿ ಎಂಬುದೇ ಅದರ ಭಾವ. ‘ಭೂತ’ ಎಂದೊಡನೆ ಬೆದರದೆ ಕಾಯುವ ದೈವವೆಂದು ಕೈಮುಗಿಯುವ ದಕ್ಷಿಣ ಕನ್ನಡದವರಿಗೆ ಈ ಮಾತನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಅದೇ ವ್ಯವಸ್ಥೆಯಲ್ಲಿ ೧೯೬೫ರಲ್ಲಿ ಟಾಮ್ ವ್ಯಾನ್ ವ್ಲೆಕ್ ಮತ್ತು ನೋಯೆಲ್ ಮಾರಿಸ್ ಎಂಬ ಇಬ್ಬರು ತರುಣರು ‘ಮೇಲ್’ ಎಂಬ ಒಂದು ಆದೇಶವನ್ನು ಬರೆದರು. ಒಬ್ಬ ಬಳಕೆದಾರ ಇನ್ನೊಬ್ಬನಿಗೆ ಸಂದೇಶ ಬಿಟ್ಟುಹೋಗಬಹುದು. ಅವನು ಬಂದು ಯಂತ್ರದ ಮುಂದೆ ಕುಳಿತಾಗ ಅದನ್ನು ಓದಿಕೊಳ್ಳಬಹುದು. ೧೯೭೧ರಲ್ಲಿ ರೇ ಟಾಮ್ಲಿನ್‌ಸನ್ ಅಕ್ಕಪಕ್ಕದಲ್ಲಿದ್ದ ಎರಡು ಯಂತ್ರಗಳ ನಡುವೆ ಆರ್ಪಾನೆಟ್ ಜಾಲದ ಮೂಲಕ ಸಂದೇಶ ಕಳುಹಿಸಿ, ಇಂದು ನಾವೆಲ್ಲ ಬರೆಯುವ ಆ ಸುರುಳಿಯಾಕಾರದ ‘ಅಟ್’ ಚಿಹ್ನೆಯನ್ನು ವಿಳಾಸಕ್ಕೆ ತಂದ. ಎರಡು ಊರುಗಳ ಯಂತ್ರಗಳು ಪತ್ರ ವಿನಿಮಯಕ್ಕೆ ತೊಡಗಿದ ಮೇಲೆ, ಯಾವ ಹೊತ್ತಿನಲ್ಲಿ ಯಾವ ಪತ್ರ ಬಾಗಿಲು ತಟ್ಟೀತೆಂದು ಹೇಳುವವರಾರು? ಬರ್ಕ್‌ಲಿಯ ವಿಶ್ವವಿದ್ಯಾನಿಲಯದಲ್ಲಿ ಎರಿಕ್ ಆಲ್ಮನ್ ರಚಿಸಿದ ‘ಸೆಂಡ್‌ಮೇಲ್’ ೧೯೮೩ರ ಹೊತ್ತಿಗೆ ಈ ಕಾವಲು ಕೆಲಸವನ್ನು ವಹಿಸಿಕೊಂಡಿತು. ಹಗಲಿರುಳೂ ಕಿವಿಗೊಟ್ಟು ಕುಳಿತು ಬಂದ ಪತ್ರವನ್ನು ತೆಗೆದುಕೊಳ್ಳುವುದು, ಹೋಗಬೇಕಾದ ಪತ್ರಕ್ಕೆ ದಾರಿ ಸಿಗದಿದ್ದರೆ ಸರದಿಯಲ್ಲಿಟ್ಟುಕೊಂಡು ಮತ್ತೆ ಮತ್ತೆ ಯತ್ನಿಸುವುದು ಅದರ ಧರ್ಮ. ನನ್ನ ಪತ್ರಕ್ಕೆ ಆ ರಾತ್ರಿ ಬೇಕಾಗಿದ್ದುದು ಇಷ್ಟೇ.

ಬರ್ಕ್‌ಲಿಯಲ್ಲಿಯೇ ೧೯೮೦ರಲ್ಲಿ ಇನ್ನೊಂದು ಪುಟ್ಟ ಪ್ರೋಗ್ರಾಮು ಹುಟ್ಟಿತು. ಪತ್ರ ಬಂದೊಡನೆ ಪರದೆಯ ಮೇಲೆ ಸೂಚನೆ ಕೊಡುವುದು ಅದರ ಕೆಲಸ. ‘ಬಿಫ್’ ಎಂದು ಅದರ ಹೆಸರು. ಅದು ಅಲ್ಲಿನವರಿಗೆಲ್ಲ ಪರಿಚಯವಿದ್ದ ಒಂದು ನಾಯಿಯ ಹೆಸರು. ಆ ನಾಯಿ ಅಂಚೆಯವನನ್ನು ಕಂಡರೆ ಬೊಗಳುತ್ತಿದ್ದುದರಿಂದ ಈ ಹೆಸರು ಬಂದಿತೆಂದು ಒಂದು ಕಥೆ ಹಬ್ಬಿದೆ. ಕಥೆ ಸೊಗಸಾಗಿದೆ, ಆದರೆ ನಿಜವಲ್ಲವೆಂದು ನಾಯಿಯ ಒಡತಿಯೇ ಹೇಳಿದ್ದಾಳೆ. ಇತಿಹಾಸದಲ್ಲಿ ಸೊಗಸಾದ ಕಥೆಗಳಿಗೆ ಅನೇಕ ಸಲ ಇದೇ ಗತಿ.

ಇಲ್ಲಿಯವರೆಗೆ ಎಚ್ಚರವಾಗಿರುವ ಹೊಣೆ ದೊಡ್ಡ ಯಂತ್ರದ್ದು. ಗಣಕಯಂತ್ರ ಮನೆಯ ಮೇಜಿನ ಮೇಲೆ ಬಂದು ಕುಳಿತಾಗ ಈ ಏರ್ಪಾಡು ಕೆಟ್ಟಿತು. ಮೇಜಿನ ಯಂತ್ರವನ್ನು ರಾತ್ರಿ ಆರಿಸಿ ಮಲಗುವುದೇ ವಾಡಿಕೆ. ಆದುದರಿಂದ ಪತ್ರಗಳು ದೂರದ ಸರ್ವರಿನಲ್ಲಿ ತಂಗಬೇಕು, ನಾವು ಬೇಕೆಂದಾಗ ಹೋಗಿ ತರಬೇಕು ಎಂಬ ಒಪ್ಪಂದ ಬಂದಿತು. ೧೯೮೪ರಲ್ಲಿ ರೂಪುಗೊಂಡ ‘ಪಾಪ್’ ಎಂಬ ನಿಯಮಾವಳಿಯ ಸಾರ ಇದೇ. ಪೂರ್ಣ ಹೆಸರಿನಲ್ಲಿ ಅದು ‘ಅಂಚೆ ಕಚೇರಿ ನಿಯಮಾವಳಿ’.

ಈ ಕಾಲದಲ್ಲಿ ಹುಟ್ಟಿದ ಒಂದು ತಂತ್ರಾಂಶದ ಹೆಸರು ಸಾಹಿತ್ಯದ ಮೇಷ್ಟರಾದ ನನಗೆ ಬಹಳ ಪ್ರಿಯ. ಇಲಿನಾಯ್ ವಿಶ್ವವಿದ್ಯಾನಿಲಯದ ಸ್ಟೀವ್ ಡಾರ್ನರ್ ೧೯೮೮ರಲ್ಲಿ ಮೇಜಿನ ಯಂತ್ರಕ್ಕಾಗಿ ಒಂದು ಇ-ಮೇಲ್ ತಂತ್ರಾಂಶವನ್ನು ಬರೆದು, ಅದಕ್ಕೆ ‘ಯುಡೋರಾ’ ಎಂದು ಹೆಸರಿಟ್ಟ. ಅಮೆರಿಕದ ಕಥೆಗಾರ್ತಿ ಯುಡೋರಾ ವೆಲ್ಟಿಯ ಹೆಸರು ಅದು. ಆಕೆಯ ಒಂದು ಪ್ರಸಿದ್ಧ ಕಥೆಯಲ್ಲಿ ಮನೆಯವರೊಡನೆ ಜಗಳವಾಡಿದ ಹೆಣ್ಣೊಬ್ಬಳು ಗಂಟುಮೂಟೆ ಕಟ್ಟಿಕೊಂಡು ತಾನು ಕೆಲಸ ಮಾಡುವ ಅಂಚೆ ಕಚೇರಿಯಲ್ಲೇ ವಾಸಕ್ಕೆ ಹೋಗುತ್ತಾಳೆ. ಇ-ಮೇಲಿನ ಕೆಲಸದಲ್ಲಿ ಮುಳುಗಿದ್ದ ಡಾರ್ನರನಿಗೆ ತನ್ನ ಬಾಳೂ ಹಾಗೆಯೇ ಎನ್ನಿಸಿತಂತೆ. ಪತ್ರ ತಪ್ಪಬಾರದೆಂದರೆ ಯಾರಾದರೊಬ್ಬರು ಅಂಚೆ ಕಚೇರಿಯಲ್ಲೇ ವಾಸ ಮಾಡಬೇಕು. ಪ್ರಶ್ನೆಯೆಂದರೆ, ಯಾರು? ನಾವೋ, ತಂತ್ರಾಂಶವೋ?

ಇಲ್ಲಿಯೇ ಆ ಗುಣಾಕಾರದ ಗುರುತು ರಂಗಕ್ಕೆ ಬರುತ್ತದೆ. ಆಪಲ್ ಕಂಪನಿಯ ಮೆಕಿಂತೋಷ್ ೧೯೮೪ರಲ್ಲಿ ಬಂದಾಗ ಅದರ ಸಂಪ್ರದಾಯ ಸ್ಪಷ್ಟವಾಗಿತ್ತು: ಕಿಟಕಿ ಮುಚ್ಚುವುದು ಬೇರೆ, ತಂತ್ರಾಂಶವನ್ನು ನಿಲ್ಲಿಸುವುದು ಬೇರೆ. ಮೈಕ್ರೋಸಾಫ್ಟಿನ ವಿಂಡೋಸ್ ಹಿಡಿದ ದಾರಿ ಬೇರೆ. ಅಲ್ಲಿ ಸಾಮಾನ್ಯವಾಗಿ ಕೊನೆಯ ಕಿಟಕಿ ಮುಚ್ಚಿದರೆ ತಂತ್ರಾಂಶವೂ ಮುಗಿದಂತೆ. ಎರಡೂ ತರ್ಕಬದ್ಧವೇ. ಕಣ್ಣಿಗೆ ಕಾಣದ್ದು ಇಲ್ಲವೆಂದು ತಿಳಿಯುವವನಿಗೆ ಎರಡನೆಯದು ಹಿತ. ಕಾಣದಿದ್ದರೂ ಇರಬೇಕೆಂದು ಬಯಸುವವನಿಗೆ ಮೊದಲನೆಯದು. ಲೆಕ್ಕ ಬರೆಯುವ ತಂತ್ರಾಂಶ ಮುಚ್ಚಿದೊಡನೆ ಮಲಗಿದರೆ ನಷ್ಟವಿಲ್ಲ. ಅಂಚೆಯ ತಂತ್ರಾಂಶ ಮಲಗಿದರೆ ನಷ್ಟವಾಗುವುದು ಪತ್ರಕ್ಕಾಗಿ ಕಾದಿರುವವರಿಗೆ.

೧೯೯೫ರ ಆಗಸ್ಟ್ ತಿಂಗಳು ಈ ಕಥೆಯಲ್ಲಿ ನಮ್ಮ ದೇಶಕ್ಕೂ ಮುಖ್ಯವಾದದ್ದು. ಆಗಸ್ಟ್ ೧೫ರಂದು ವಿದೇಶ ಸಂಚಾರ ನಿಗಮ ಭಾರತದ ಸಾರ್ವಜನಿಕರಿಗೆ ಇಂಟರ್‌ನೆಟ್ ಸೇವೆಯನ್ನು ಆರಂಭಿಸಿತು. ಒಂಬತ್ತು ದಿನಗಳ ನಂತರ, ಆಗಸ್ಟ್ ೨೪ರಂದು, ವಿಂಡೋಸ್ ೯೫ ಬಿಡುಗಡೆಯಾಯಿತು. ಪರದೆಯ ಕೆಳಮೂಲೆಯಲ್ಲಿ, ಗಡಿಯಾರದ ಪಕ್ಕದಲ್ಲಿ ಅದು ಒಂದು ಸಣ್ಣ ಜಾಗವನ್ನು ತೆರವು ಮಾಡಿಕೊಟ್ಟಿತು. ಕಿಟಕಿಯಿಲ್ಲದೆ ನಡೆಯುವ ಪ್ರೋಗ್ರಾಮು ಅಲ್ಲೊಂದು ಪುಟ್ಟ ಚಿಹ್ನೆಯಾಗಿ ಕುಳಿತು ‘ನಾನಿದ್ದೇನೆ’ ಎಂದು ತಿಳಿಸಬಹುದು. ತೆರೆಮರೆಯ ಡೀಮನ್‌ಗೆ ಹೊಸ್ತಿಲ ಬಳಿ ಒಂದು ಮಣೆ ದೊರೆತಂತಾಯಿತು. ಆದರೆ ನಮ್ಮವರಿಗೆ ಆಗ ಅದರ ಪ್ರಯೋಜನ ಅಷ್ಟಕ್ಕಷ್ಟೆ. ಟೆಲಿಫೋನ್ ತಂತಿಯ ಮೂಲಕ ಸಂಪರ್ಕ. ನಿಮಿಷ ನಿಮಿಷಕ್ಕೂ ದುಡ್ಡು. ಮೋಡೆಮ್ ಕೀರಲು ದನಿಯಲ್ಲಿ ಕೂಗಿ ಕೂಗಿ ಸಂಪರ್ಕ ಸಿಕ್ಕಿದೊಡನೆ ಬಂದ ಪತ್ರಗಳನ್ನು ಬಾಚಿಕೊಂಡು, ಬರೆದವನ್ನು ಎಸೆದು, ತಂತಿಯನ್ನು ಬಿಡಿಸಿಬಿಡುವುದೇ ಜಾಣತನ. ಔಟ್‌ಬಾಕ್ಸಿನ ಬಳಕೆ ನನ್ನ ತಲೆಮಾರಿನವರ ಕೈಗೆ ಹತ್ತಿದ್ದು ಹೀಗೆ.

ಸಂಪರ್ಕ ಕಡಿಯದೆ ಉಳಿಯುವ ಕಾಲ ಬಂದಾಗ ಕಾಯುವ ಬಗೆಯೂ ಬದಲಾಯಿತು. ಮೊದಲು ತಂತ್ರಾಂಶ ಹತ್ತು ನಿಮಿಷಕ್ಕೊಮ್ಮೆ ಸರ್ವರಿನ ಬಾಗಿಲಿಗೆ ಹೋಗಿ “ಪತ್ರವಿದೆಯೇ?” ಎಂದು ಕೇಳಿ ಬರುತ್ತಿತ್ತು. ೧೯೯೭ರಲ್ಲಿ ‘ಐಮ್ಯಾಪ್’ ಎಂಬ ನಿಯಮಾವಳಿಗೆ ‘ಐಡಲ್’ ಎಂಬ ಆದೇಶ ಸೇರಿತು. ಐಡಲ್ ಎಂದರೆ ಸುಮ್ಮನಿರುವುದು. ಬಾಗಿಲಲ್ಲೇ ಸುಮ್ಮನೆ ಕುಳಿತಿರು, ಪತ್ರ ಬಂದಾಗ ನಾನೇ ಕೂಗುತ್ತೇನೆ ಎಂದು ಸರ್ವರು ಒಪ್ಪಿಕೊಂಡಿತು. ಆದರೆ ಕೂಗಿದಾಗ ಓಗೊಡಲು ಮೇಜಿನ ಮೇಲಿನ ತಂತ್ರಾಂಶ ಬದುಕಿರಬೇಕಷ್ಟೆ! ೧೯೯೯ರಲ್ಲಿ ಬ್ಲ್ಯಾಕ್‌ಬೆರಿ ಈ ಕೂಗನ್ನು ಜೇಬಿಗೆ ತಂದಿತು. ಪ್ರತಿಯೊಂದು ಆ್ಯಪ್ ಪ್ರತ್ಯೇಕವಾಗಿ ಎಚ್ಚರವಿದ್ದರೆ ಫೋನಿನ ಬ್ಯಾಟರಿ ತಡೆಯದೆಂದು ಆಪಲ್ ೨೦೦೯ರಲ್ಲಿ ಎಲ್ಲಕ್ಕೂ ಸೇರಿ ಒಬ್ಬನೇ ಕಾವಲುಗಾರನನ್ನು ನೇಮಿಸಿತು.

ಮೇಜಿನ ಯಂತ್ರದಲ್ಲಿ ಮಾತ್ರ ಈ ಪ್ರಶ್ನೆ ಇನ್ನೂ ಅರ್ಧಕ್ಕೇ ನಿಂತಿದೆ. ಉಚಿತವಾಗಿ ದೊರೆಯುವ ‘ಥಂಡರ್‌ಬರ್ಡ್’ ತಂತ್ರಾಂಶದ ಮೊದಲ ಪೂರ್ಣ ಆವೃತ್ತಿ ಬಂದದ್ದು ೨೦೦೪ರಲ್ಲಿ. ಕುಗ್ಗಿಸಿದಾಗ ಗಡಿಯಾರದ ಪಕ್ಕಕ್ಕೆ ಸರಿದು ಕೂರುವ ಸೌಲಭ್ಯ ಅದರೊಳಗೇ, ವಿಂಡೋಸ್ ಬಳಸುವವರಿಗೆ, ದೊರೆತದ್ದು ೨೦೨೦ರಲ್ಲಿ. ನಡುವಣ ಹದಿನೈದಕ್ಕೂ ಹೆಚ್ಚು ವರ್ಷ ಬಳಕೆದಾರರೇ ಬರೆದ ಸಣ್ಣಪುಟ್ಟ ಪೂರಕ ತಂತ್ರಾಂಶಗಳು ಈ ಕೊರತೆಯನ್ನು ತುಂಬಿದವು. ಇದನ್ನು ಬರಿಯ ಸೋಮಾರಿತನವೆನ್ನುವುದು ಅನ್ಯಾಯ. ಮುಚ್ಚು ಎಂದರೆ ಮುಚ್ಚಬೇಕೆಂದು ಬಯಸುವವರೂ ಇದ್ದಾರೆ. ಅವರ ಮಾತಿನಲ್ಲಿಯೂ ಹುರುಳಿದೆ. ಮರೆಯಲ್ಲಿ ಉಳಿದವನು ಏನು ಮಾಡುತ್ತಿದ್ದಾನೆಂದು ಯಜಮಾನನಿಗೆ ತಿಳಿಯದು. ಅವನು ಸ್ಮರಣಕೋಶವನ್ನು ಬಳಸುತ್ತಾನೆ, ವಿದ್ಯುತ್ತನ್ನು ಬಳಸುತ್ತಾನೆ. ಮ್ಯಾಕ್ಸ್‌ವೆಲ್ಲನ ದ್ವಾರಪಾಲಕನೂ ಪುಕ್ಕಟೆಯಾಗಿ ದುಡಿಯಲಾರ, ಕಂಡದ್ದನ್ನು ಮರೆಯುವುದಕ್ಕೂ ಶಕ್ತಿಯ ವ್ಯಯವಾಗುತ್ತದೆ ಎಂಬ ತೀರ್ಮಾನಕ್ಕೆ ೧೯೬೧ರಲ್ಲಿ ರಾಲ್ಫ್ ಲಾಂಡೌವರ್ ತೋರಿಸಿದ ತತ್ತ್ವವೇ ದಾರಿಯಾಯಿತು. ಎಲ್ಲಕ್ಕಿಂತ ಮಿಗಿಲಾಗಿ, ಎಚ್ಚರವಾಗಿರುವ ಆಳು ನಮ್ಮನ್ನೂ ಎಬ್ಬಿಸುತ್ತಾನೆ. ಊಟದ ಹೊತ್ತಿನಲ್ಲಿ, ಓದುವ ಹೊತ್ತಿನಲ್ಲಿ ಬಿಫ್ ಬೊಗಳುತ್ತಲೇ ಇದ್ದರೆ ಮನೆ ಮನೆಯಾಗಿ ಉಳಿದೀತೆ?

ಹೀಗೆ ನೋಡಿದರೆ ಎರಡು ಕೆಲಸಗಳನ್ನು ನಾವು ಒಂದೆಂದು ತಿಳಿದದ್ದೇ ತೊಡಕಿಗೆ ಕಾರಣವೆನಿಸುತ್ತದೆ. ಪತ್ರವನ್ನು ಒಯ್ಯುವುದು ಒಂದು, ಬಂದಿದೆಯೆಂದು ಕೂಗುವುದು ಇನ್ನೊಂದು. ಬರ್ಕ್‌ಲಿಯವರು ಸೆಂಡ್‌ಮೇಲನ್ನೂ ಬಿಫ್‌ನನ್ನೂ ಬೇರೆ ಬೇರೆಯಾಗಿಯೇ ಇಟ್ಟಿದ್ದರು. ಬೇಡವೆಂದವನು ನಾಯಿಯನ್ನು ಸುಮ್ಮನಿರಿಸಬಹುದಾಗಿತ್ತು, ಪತ್ರಗಳು ಆಗಲೂ ಬರುತ್ತಿದ್ದವು. ಮೇಜಿನ ತಂತ್ರಾಂಶ ಇಬ್ಬರನ್ನೂ ಒಂದೇ ಕಿಟಕಿಯ ಹಿಂದೆ ಕೂರಿಸಿತು. ಗದ್ದಲ ಸಾಕೆಂದು ಕಿಟಕಿ ಮುಚ್ಚಿದವನು ತಿಳಿಯದೆ ಅಂಚೆಯವನನ್ನೂ ಹೊರಗಟ್ಟಿದ.

ಆ ಸೋಮವಾರ ಸಂಜೆ ಮನೆಗೆ ಬಂದವನೇ ತಂತ್ರಾಂಶದ ಸೆಟ್ಟಿಂಗ್ಸ್ ತೆರೆದು ಕುಳಿತೆ. ಮುಚ್ಚಿದ ಮೇಲೂ ಹಿನ್ನೆಲೆಯಲ್ಲಿ ನಡೆಯುವಂತೆ ಏರ್ಪಾಡು ಮಾಡಿದೆ. ಸದ್ದು ಮಾಡುವ ಸೂಚನೆಗಳನ್ನೆಲ್ಲ ನಿಲ್ಲಿಸಿದೆ. ಈಗ ರಾತ್ರಿ ಕಿಟಕಿ ಮುಚ್ಚಿದ ಮೇಲೆ ಗಡಿಯಾರದ ಪಕ್ಕದಲ್ಲಿ ಒಂದು ಸಣ್ಣ ಲಕೋಟೆಯ ಚಿಹ್ನೆ ಉಳಿದಿರುತ್ತದೆ. ಯಂತ್ರವನ್ನೇ ಆರಿಸಿದರೆ ಅವನೂ ಮಲಗುತ್ತಾನೆಂಬುದನ್ನು ಮರೆಯುವಂತಿಲ್ಲ.

ಈ ವರ್ಷ ಆ ಹುಡುಗಿ ಮತ್ತೆ ಅರ್ಜಿ ಹಾಕಿದ್ದಾಳೆ. ಗಡುವಿಗೆ ಒಂದು ವಾರ ಮೊದಲೇ ಪತ್ರ ಬರೆದು ಕಳುಹಿಸಿದೆ. ಔಟ್‌ಬಾಕ್ಸ್ ಬರಿದಾದುದನ್ನು ಕಣ್ಣಾರೆ ಕಂಡು, ಅವಳಿಗೆ ಫೋನ್ ಮಾಡಿ ತಿಳಿಸಿ, ಆಮೇಲೆ ಕಿಟಕಿಯನ್ನು ಮುಚ್ಚಿದೆ.