ಸ್ಕಾರ್ಫು, ಬಾವುಟ, ಶೀಲ: ಕರ್ನಾಟಕದ ಶಾಲಾ ದಳಗಳ ಚರಿತ್ರೆಯ ಎರಡು ಕವಲು

ಆಗಸ್ಟ್ 15ರ ಬೆಳಗ್ಗೆ ನಮ್ಮ ಊರುಗಳ ಶಾಲಾ ಮೈದಾನದಲ್ಲಿ ಸಾಲುಗಟ್ಟಿ ನಿಂತ ಮಕ್ಕಳನ್ನು ಗಮನಿಸಿ. ಕೊರಳಿಗೆ ಸ್ಕಾರ್ಫು ಸುತ್ತಿದವರು ಸ್ಕೌಟು-ಗೈಡುಗಳು, ಖಾಕಿ ತೊಟ್ಟವರು ಎನ್‌ಸಿಸಿಯವರು, ಬಿಳಿ ಉಡುಪಿನವರು ಭಾರತ ಸೇವಾದಳದವರು. ದೂರದಿಂದ ನೋಡಿದರೆ ಎಲ್ಲರ ಹೆಜ್ಜೆಯೂ ಒಂದೇ, ಕವಾಯತೂ ಒಂದೇ. ಇವನ್ನು ಶಾಲೆಗೆ ತಂದವರು ಹೇಳಿಕೊಂಡ ಉದ್ದೇಶವೂ ಒಂದೇ: ಮಕ್ಕಳ ಶೀಲ ಬೆಳೆಸುವುದು. ಆದರೆ ಶೀಲ ಎಂದರೇನು, ಅದನ್ನು ಯಾವುದರಲ್ಲಿ ಅಳೆಯಬೇಕು ಎಂದು ಕೇಳಿದರೆ ಈ ಪರಂಪರೆಗಳು ಬೇರೆಬೇರೆ ದಾರಿ ಹಿಡಿಯುತ್ತವೆ. ಆ ದಾರಿಗಳಲ್ಲಿ ಎರಡು ಭಾರತದ ಮಟ್ಟಿಗೆ ನಮ್ಮ ನೆಲದಲ್ಲೇ ಶುರುವಾದವು, ಸ್ಕೌಟು ಬೆಂಗಳೂರಿನಲ್ಲಿ, ಸೇವಾದಳ ಹುಬ್ಬಳ್ಳಿಯಲ್ಲಿ. ಶಿಕ್ಷಣದ ಚರಿತ್ರೆ ಬರೆದವರು ಮೊದಲನೆಯದಕ್ಕೆ ಕೊಟ್ಟ ಜಾಗವನ್ನು ಎರಡನೆಯದಕ್ಕೆ ಕೊಟ್ಟಿಲ್ಲ ಎಂಬುದು ಈ ಲೇಖನದ ಹಿಂದಿರುವ ಕೊರಗು.

ಸ್ಕೌಟ್ ಚಳವಳಿ ಹುಟ್ಟಿದ್ದು ಸೈನಿಕನೊಬ್ಬನ ಅನುಭವದಿಂದ. ದಕ್ಷಿಣ ಆಫ್ರಿಕಾದ ಮಾಫೆಕಿಂಗ್ ಪಟ್ಟಣಕ್ಕೆ 1899-1900ರಲ್ಲಿ ಮುತ್ತಿಗೆ ಬಿದ್ದಾಗ ಸುದ್ದಿ ಸಾಗಿಸುವ ಕೆಲಸವನ್ನು ಹುಡುಗರ ಪಡೆಯೊಂದು ಮಾಡಿತ್ತು. ಅಲ್ಲಿ ಸೇನೆಯ ನೇತೃತ್ವ ವಹಿಸಿದ್ದ ಬೇಡನ್ ಪೊವೆಲ್ ಇದನ್ನು ಮರೆಯಲಿಲ್ಲ. 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಹುಡುಗರ ಶಿಬಿರ ನಡೆಸಿ, ಮರುವರ್ಷ ತನ್ನ ಪ್ರಸಿದ್ಧ ಕೈಪಿಡಿಯನ್ನು ಕಂತುಕಂತಾಗಿ ಹೊರತಂದ. ಅದಾಗಿ ಒಂದೇ ವರ್ಷಕ್ಕೆ, 1909ರಲ್ಲಿ, ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ಭಾರತದ ಮೊದಲ ಸ್ಕೌಟ್ ದಳ ಶುರುವಾಯಿತು. ಅದನ್ನು ಕಟ್ಟಿದವನು ಕ್ಯಾಪ್ಟನ್ ಟಿ.ಎಚ್. ಬೇಕರ್. ಪುಣೆ, ಮದ್ರಾಸು, ಜಬಲ್ಪುರ, ಶಿಮ್ಲಾಗಳಲ್ಲೂ ದಳಗಳು ಹುಟ್ಟಿದವು. ಎಲ್ಲವೂ ಐರೋಪ್ಯ ಮತ್ತು ಆಂಗ್ಲೋ-ಇಂಡಿಯನ್ ಹುಡುಗರಿಗೆ ಮಾತ್ರ. ಭಾರತೀಯ ಹುಡುಗನಿಗೆ ಪ್ರವೇಶವಿರಲಿಲ್ಲ. ಸ್ಕೌಟುಗಳೆಲ್ಲ ಪರಸ್ಪರ ಸಹೋದರರು ಎಂದು ಹುಡುಗರಿಗೆ ಕಲಿಸುತ್ತಿದ್ದ ಸಂಸ್ಥೆಯೇ ಬಾಗಿಲಲ್ಲಿ ಮೈಬಣ್ಣ ನೋಡುತ್ತಿತ್ತು.

ಬಾಗಿಲು ಮುಚ್ಚಿದ್ದರಿಂದಲೇ ಬೇರೆ ಮನೆಗಳು ಎದ್ದವು. ಆನಿ ಬೆಸೆಂಟ್ 1916ರಲ್ಲಿ ಮದ್ರಾಸಿನಲ್ಲಿ ಇಂಡಿಯನ್ ಬಾಯ್ ಸ್ಕೌಟ್ಸ್ ಅಸೋಸಿಯೇಷನ್ ಕಟ್ಟಿದರು. ಅಲ್ಲಿ ಹ್ಯಾಟಿನ ಬದಲು ತಲೆಗೆ ರುಮಾಲು ಬಂತು. ಮದನಮೋಹನ ಮಾಳವೀಯ, ಹೃದಯನಾಥ ಕುಂಜ್ರು, ಶ್ರೀರಾಮ ಬಾಜಪೇಯಿ ಉತ್ತರದಲ್ಲಿ ಸೇವಾ ಸಮಿತಿ ಸ್ಕೌಟ್ ದಳ ನಡೆಸಿದರು. 1921ರಲ್ಲಿ ಬೇಡನ್ ಪೊವೆಲ್ ಭಾರತಕ್ಕೆ ಬಂದಾಗ ಬೆಸೆಂಟರ ಸಂಸ್ಥೆ ಮಾತೃಸಂಸ್ಥೆಯೊಂದಿಗೆ ಬೆರೆಯಿತು. ಸೇವಾ ಸಮಿತಿ ಪ್ರತ್ಯೇಕವಾಗಿಯೇ ಉಳಿಯಿತು.

ಸ್ಕೌಟ್ ಪದ್ಧತಿಯ ನಿಜವಾದ ಶಕ್ತಿ ಅದರ ಪ್ರತಿಜ್ಞೆಗಿಂತ ಕೈಕೆಲಸದಲ್ಲಿತ್ತು ಎಂದು ನನಗನ್ನಿಸುತ್ತದೆ. ಸ್ಕಾರ್ಫನ್ನೇ ನೋಡಿ. ಮೂರು ಮೂಲೆಯ ಬಟ್ಟೆ. ಮಡಿಸಿ ಕೊರಳಿಗೆ ಹಾಕಿದರೆ ದಳದ ಗುರುತು. ಯಾರಾದರೂ ಬಿದ್ದು ಮುಂಗೈ ಮುರಿದುಕೊಂಡಾಗ ಅದನ್ನೇ ಬಿಚ್ಚಿ, ಅಗಲ ಭಾಗವನ್ನು ಕೈಯಡಿ ಹಾಯಿಸಿ, ಎರಡು ತುದಿಗಳನ್ನು ಕತ್ತಿನ ಪಕ್ಕಕ್ಕೆ ತಂದು ರೀಫ್ ಗಂಟು ಹಾಕಿದರೆ ತೂಗುಪಟ್ಟಿ. ಬಲತುದಿ ಎಡದ ಮೇಲೆ, ಮತ್ತೆ ಎಡತುದಿ ಬಲದ ಮೇಲೆ: ಈ ಕ್ರಮ ತಪ್ಪಿದರೆ ಗಂಟು ಜಾರುತ್ತದೆ, ಸರಿಯಿದ್ದರೆ ಚಪ್ಪಟೆಯಾಗಿ ಕೂತು ಒತ್ತದೆ ಹಿಡಿಯುತ್ತದೆ. ಎರಡು ಕೋಲುಗಳನ್ನು ಎರಡು ಅಂಗಿಗಳ ತೋಳೊಳಗೆ ತೂರಿಸಿದರೆ ಗಾಯಾಳುವನ್ನು ಹೊರುವ ಡೋಲಿ. ಹನ್ನೆರಡರ ಹುಡುಗನಿಗೆ ತನ್ನಿಂದ ಇನ್ನೊಬ್ಬರ ನೋವು ಕಡಿಮೆಯಾಗಬಲ್ಲದು ಎಂಬ ಅರಿವು ಬರುವುದು ಇಂಥ ಗಂಟಿನಿಂದ. ಯಾವ ನೀತಿಪಾಠವೂ ಇಷ್ಟು ಬೇಗ ಮೈಗೆ ಹತ್ತುವುದಿಲ್ಲ.

ಆದರೆ ಆ ಶೀಲದ ಕಲ್ಪನೆಯ ತುದಿಯಲ್ಲಿ ಚಕ್ರವರ್ತಿ ಕೂತಿದ್ದ. ದೇವರಿಗೂ ದೊರೆಗೂ ನಿಷ್ಠನಾಗಿರುವೆ ಎಂಬುದು ಅಂದಿನ ಪ್ರತಿಜ್ಞೆ. 1937ರ ಭೇಟಿಯಲ್ಲಿ ಬೇಡನ್ ಪೊವೆಲ್ ಭಾರತೀಯರ ಶೀಲದ ಬಗ್ಗೆ ಹಗುರವಾಗಿ ಮಾತಾಡಿದಾಗ ದೇಶದಲ್ಲಿ ಸಿಟ್ಟು ಭುಗಿಲೆದ್ದಿತು. ಅನೇಕರು ಹೊರಬಂದರು, 1938ರಲ್ಲಿ ಹಿಂದೂಸ್ತಾನ್ ಸ್ಕೌಟ್ ಅಸೋಸಿಯೇಷನ್ ರೂಪುಗೊಂಡಿತು. ಒಂದು ಜನಾಂಗಕ್ಕೆ ಶೀಲವೇ ಇಲ್ಲ ಎಂದು ಭಾವಿಸಿದವರು ಅದರ ಮಕ್ಕಳಿಗೆ ಶೀಲ ಕಲಿಸಲಾರರು.

ಅಷ್ಟರಲ್ಲಿ ಹುಬ್ಬಳ್ಳಿ ಬೇರೊಂದು ಉತ್ತರ ಕೊಟ್ಟಾಗಿತ್ತು.

ಡಾ. ನಾರಾಯಣ ಸುಬ್ಬರಾವ್ ಹರ್ಡೀಕರ್ 1889ರಲ್ಲಿ ಧಾರವಾಡದಲ್ಲಿ ಹುಟ್ಟಿದವರು. ಕಲ್ಕತ್ತೆಯಲ್ಲಿ ವೈದ್ಯ ಕಲಿತು, ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯ ಓದಿ, ಅಲ್ಲಿ ಲಾಲಾ ಲಜಪತರಾಯರ ಜೊತೆ ದುಡಿದು 1921ರಲ್ಲಿ ಮರಳಿದರು. ಹುಬ್ಬಳ್ಳಿಯಲ್ಲಿ ಸೇವಾ ಮಂಡಲ ಕಟ್ಟಿದರು. 1923ರ ಬೇಸಿಗೆಯಲ್ಲಿ ನಾಗಪುರದ ಧ್ವಜ ಸತ್ಯಾಗ್ರಹ ನಡೆಯಿತು. ತ್ರಿವರ್ಣ ಬಾವುಟ ಹಿಡಿದು ಸಿವಿಲ್ ಲೈನ್ಸ್ ಕಡೆ ನಡೆಯುವುದೇ ಅಲ್ಲಿ ಅಪರಾಧ. ದೇಶದ ಎಲ್ಲೆಡೆಯಿಂದ ಹೋದವರು ಜೈಲು ಸೇರಿದರು. ಒಳಗಿನ ಕಷ್ಟ ತಡೆಯಲಾರದೆ ಹಲವರು ಕ್ಷಮಾಪಣೆ ಬರೆದುಕೊಟ್ಟು ಹೊರಬಂದರು. ಹರ್ಡೀಕರರ ಹುಬ್ಬಳ್ಳಿ ಸೇವಾ ಮಂಡಲದ ತಂಡ ಬರೆದುಕೊಡಲಿಲ್ಲ.

ಈ ಘಟನೆಯ ಮೇಲೆ ನಾನು ಒತ್ತು ಕೊಡುವುದಕ್ಕೆ ಕಾರಣವಿದೆ. ಹೆಜ್ಜೆಗೆ ಹೆಜ್ಜೆ ಹಾಕುವ ಶಿಸ್ತನ್ನು ಬ್ರಿಟಿಷರೂ ಕಲಿಸುತ್ತಿದ್ದರು. ಆಜ್ಞೆ ಪಾಲಿಸುವುದು ಅದರ ಫಲ. ನಾಗಪುರದ ಜೈಲಿನಲ್ಲಿ ಶಿಸ್ತು ಆಜ್ಞೆಯನ್ನು ಒಲ್ಲೆ ಎನ್ನುವ ಶಕ್ತಿಯಾಗಿ ಕಾಣಿಸಿತು. ತರಬೇತಿಯಿಲ್ಲದ ಉತ್ಸಾಹ ಜೈಲಿನಲ್ಲಿ ಕರಗುತ್ತದೆ, ತರಬೇತಿಯುಳ್ಳದ್ದು ನಿಲ್ಲುತ್ತದೆ ಎಂಬುದನ್ನು ಕಾಂಗ್ರೆಸ್ ನಾಯಕರು ಕಂಡರು. ಅದೇ ಡಿಸೆಂಬರಿನಲ್ಲಿ ಕಾಕಿನಾಡ ಅಧಿವೇಶನ ಹಿಂದೂಸ್ತಾನಿ ಸೇವಾದಳ ಸ್ಥಾಪನೆಗೆ ಒಪ್ಪಿತು. ಜವಾಹರಲಾಲ ನೆಹರೂ ಮೊದಲ ಅಧ್ಯಕ್ಷರು. ಕಾಂಗ್ರೆಸ್ಸಿನೊಳಗೇ ವಿರೋಧವೂ ಇತ್ತು: ಅಹಿಂಸೆಯ ಸಂಸ್ಥೆಗೆ ಸೈನ್ಯದಂಥ ಕವಾಯತೇಕೆ ಎಂದು ಕೇಳಿದವರಿದ್ದರು. ಪ್ರಶ್ನೆ ಸಣ್ಣದಲ್ಲ. ಸಮವಸ್ತ್ರದ ಯುವಕರನ್ನು ಬೀದಿಗಿಳಿಸಿದ ಇಟಲಿಯ ಬೆಳವಣಿಗೆ ಆಗಲೇ ಜಗತ್ತಿನ ಕಣ್ಣಮುಂದಿತ್ತು.

ಉತ್ತರ ಸಿಕ್ಕಿದ್ದು 1924ರ ಡಿಸೆಂಬರಿನ ಬೆಳಗಾವಿಯಲ್ಲಿ. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನವದು. ಅಲ್ಲಿ ದಳದವರಿಗೆ ಸಿಕ್ಕ ಕೆಲಸ ನೀರು, ನೈರ್ಮಲ್ಯ, ಜನಸಂದಣಿಯ ನಿರ್ವಹಣೆ. ಕವಾಯತು ಕಲಿತ ಕೈಗೆ ಪೊರಕೆ ಬಂತು. ಹೆಣ್ಣುಮಕ್ಕಳ ವಿಭಾಗದ ಹೊಣೆ ಹೊತ್ತಿದ್ದ ಉಮಾಬಾಯಿ ಕುಂದಾಪುರ ಪ್ರಾಂತ್ಯವೆಲ್ಲ ಸುತ್ತಿ 150ಕ್ಕೂ ಹೆಚ್ಚು ಮಹಿಳೆಯರನ್ನು ಕರೆತಂದರು. ಅವರಲ್ಲಿ ಅನೇಕರು ವಿಧವೆಯರು. ಉಮಾಬಾಯಿಯವರೂ ಹಿಂದಿನ ವರ್ಷವಷ್ಟೇ ಗಂಡನನ್ನು ಕಳೆದುಕೊಂಡಿದ್ದರು. ಮನೆಯ ಹಿಂಬಾಗಿಲ ಕತ್ತಲಲ್ಲಿ ಕೂರಬೇಕೆಂದು ಸಮಾಜ ಕಟ್ಟುಮಾಡಿದ್ದ ಹೆಣ್ಣುಮಕ್ಕಳು ಸಾವಿರಾರು ಜನರ ನಡುವೆ ಕೆಲಸಕ್ಕೆ ನಿಂತದ್ದು ನನ್ನ ದೃಷ್ಟಿಯಲ್ಲಿ ಆ ಅಧಿವೇಶನದ ದೊಡ್ಡ ಸಂಗತಿಗಳಲ್ಲೊಂದು. ಹುಬ್ಬಳ್ಳಿಯ ತಿಲಕ ಕನ್ಯಾಶಾಲೆಯನ್ನು ನಡೆಸುತ್ತಿದ್ದವರೂ ಅವರೇ. 1932ರಲ್ಲಿ ಸರ್ಕಾರ ಅವರನ್ನು ಯರವಾಡ ಜೈಲಿಗೆ ಕಳಿಸಿ, ಶಾಲೆಗೆ ಬೀಗಮುದ್ರೆ ಹಾಕಿತು. ಸೇವಾದಳವೂ ನಿಷೇಧಕ್ಕೊಳಗಾಯಿತು. 1934ರಲ್ಲಿ ಕಾಂಗ್ರೆಸ್ಸಿನ ನಿಷೇಧ ತೆಗೆದಾಗಲೂ ದಳದ್ದನ್ನು ತೆಗೆಯಲಿಲ್ಲ. ಸರ್ಕಾರದ ಅಂಜಿಕೆ ಎಷ್ಟಿತ್ತೆಂಬುದಕ್ಕೆ ಇದೇ ಸಾಕ್ಷಿ.

ಸ್ವಾತಂತ್ರ್ಯಾನಂತರದ ಕಥೆಯನ್ನು ಬೇಗ ಹೇಳಬಹುದು. 1948ರಲ್ಲಿ ಎನ್‌ಸಿಸಿ ಕಾಯ್ದೆ ಬಂತು. ಅದಕ್ಕೆ ದಾರಿ ಮಾಡಿದ ಸಮಿತಿಯ ಅಧ್ಯಕ್ಷರು ಸೇವಾ ಸಮಿತಿಯ ಅದೇ ಹೃದಯನಾಥ ಕುಂಜ್ರು. 1950ರ ನವೆಂಬರ್ 7ರಂದು ಸ್ಕೌಟ್ ಸಂಸ್ಥೆಗಳು ಒಂದಾಗಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಆದವು, ಮರುವರ್ಷ ಗೈಡ್‌ಗಳೂ ಸೇರಿದರು. ಚೀನಾ ಯುದ್ಧದ ಬೆನ್ನಿಗೆ 1963ರಲ್ಲಿ ಕಾಲೇಜುಗಳಲ್ಲಿ ಕಡ್ಡಾಯವಾದ ಎನ್‌ಸಿಸಿ 1968ರಲ್ಲಿ ಮತ್ತೆ ಐಚ್ಛಿಕವಾಯಿತು. ಬಲವಂತದ ಶಿಸ್ತು ಬಾಳಿದ್ದು ಐದೇ ವರ್ಷ.

ಹರ್ಡೀಕರರು 1950ರಲ್ಲಿ ಭಾರತ ಸೇವಾದಳ ಕಟ್ಟಿ, ರಾಜಕೀಯದಿಂದ ದೂರವಿಟ್ಟು ಮಕ್ಕಳ ಕಡೆ ತಿರುಗಿಸಿದರು. ಹಿಂದೂಸ್ತಾನಿ ಸೇವಾದಳ ತಿಂಗಳ ಕೊನೆಯ ಭಾನುವಾರ ಊರೂರಲ್ಲಿ ನಡೆಸುತ್ತಿದ್ದ ಧ್ವಜವಂದನೆಯ ನೆನಪು ಈ ಹೊಸ ದಳದಲ್ಲಿ ಧ್ವಜದ ತರಬೇತಿಯಾಗಿ ಉಳಿಯಿತು. ಇಂದಿಗೂ ಹಳ್ಳಿಯ ಶಾಲೆಗಳಲ್ಲಿ ಬಾವುಟ ಕಟ್ಟುವುದನ್ನು ಬಲ್ಲ ಮೇಷ್ಟ್ರು ಎಂದರೆ ಬಹುಪಾಲು ಸೇವಾದಳದ ತರಬೇತಿ ಪಡೆದವರು. ಹಿಂದಿನ ಸಂಜೆ ನಾಲ್ಕೈದು ಮಕ್ಕಳನ್ನು ಕರೆದು, ಬಟ್ಟೆ ನೆಲಕ್ಕೆ ತಾಗದಂತೆ ಹಿಡಿಸಿ, ಕೇಸರಿ ಯಾವ ಕಡೆ ಬರಬೇಕೆಂದು ತೋರಿಸಿ, ಹೂವಿನ ಪಕಳೆಗಳನ್ನು ಒಳಗಿಟ್ಟು ಮಡಿಸಿ, ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಗಂಟು ಹಾಕಿಸುತ್ತಾರೆ. ಕೆಲವೊಮ್ಮೆ ಗಂಟು ಬಿಗಿಯಾಗಿ ಕೂರುತ್ತದೆ. ಆಗ ಬಿಚ್ಚಿ, ಮತ್ತೆ ಮೊದಲಿಂದ ಕಟ್ಟಿಸುತ್ತಾರೆ, ಮಕ್ಕಳ ಕೈಯಿಂದಲೇ.