ಕಡತವೂ ಅದನ್ನು ನೋಡುವ ಕಿಟಕಿಯೂ

ಗಣಕಯಂತ್ರದಲ್ಲಿ ಕೂಡಿಟ್ಟ ಬರೆವಣಿಗೆಗೆ ಈಗ ‘ಕಡತ’ವೆಂಬ ಹೆಸರು ಸಲ್ಲುತ್ತಿದೆ. ಪೂರ್ವದಲ್ಲಿ ಈ ಶಬ್ದವು, ಹುಣಿಸೆಬೀಜದ ಅಂಟಿನಲ್ಲಿ ಇದ್ದಿಲಪುಡಿಯನ್ನು ಕಲಸಿ ಬಟ್ಟೆಗೆ ಬಳಿದು, ಮಡಿಕೆಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಪುಸ್ತಕವನ್ನು ಸೂಚಿಸುತ್ತಿತ್ತು. ಶೃಂಗೇರಿಯ ಮಠದ ಕಡತಗಳು ಚರಿತ್ರಕಾರರಿಗೆ ಪರಿಚಿತವಾದುವೇ. ಕಡತವೆಷ್ಟೇ ಉದ್ದವಾಗಿರಲಿ, ಓದುವವನ ಮುಂದೆ ತೆರೆದಿರುವುದು ಒಂದೆರಡು ಮಡಿಕೆ ಮಾತ್ರ. ಗಣಕದ ತೆರೆಗೂ ಇದೇ ನ್ಯಾಯವು ಅನ್ವಯಿಸುವುದು.

1978ರಲ್ಲಿ ಬಂದ ವಿಟಿ-100 ಎಂಬ ಪ್ರಸಿದ್ಧ ತೆರೆಯಂತ್ರದಲ್ಲಿ 24 ಸಾಲುಗಳು, ಸಾಲಿಗೆ 80 ಮನೆಗಳು. ದೀರ್ಘವಾದ ಬರೆಹವನ್ನು ಅದರ ಮೇಲೆ ಹರಿಯಬಿಟ್ಟರೆ ಮೊದಲ ಸಾಲುಗಳು ಕಣ್ಣು ಮುಟ್ಟುವುದರೊಳಗೆ ಮೇಲೆ ಸರಿದು ಮರೆಯಾಗುತ್ತಿದ್ದುವು. ಅದೇ ವರ್ಷ ಬರ್ಕ್ಲಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದ ಡೇನಿಯಲ್ ಹಾಲ್ಬರ್ಟನು ‘ಮೋರ್’ ಎಂಬ ಕ್ರಮವಿಧಿಯನ್ನು ರಚಿಸಿದನು. ಅದು ಒಂದು ತೆರೆಯಷ್ಟನ್ನು ತೋರಿಸಿ ನಿಲ್ಲುವುದು. ಓದುಗನು ಕೀಲಿಯನ್ನೊತ್ತಿದ ಬಳಿಕವೇ ಮುಂದುವರಿಯುವುದು. ಹಿಂದಕ್ಕೂ ಸರಾಗವಾಗಿ ಸರಿಯಬಲ್ಲ ‘ಲೆಸ್’ ಎಂಬುದನ್ನು ಮಾರ್ಕ್ ನುಡೆಲ್ಮನ್ನನು 1983ರಿಂದ 1985ರೊಳಗೆ ಸಿದ್ಧಪಡಿಸಿದನು. ಕಡತವನ್ನು ಪೂರ್ತಿ ಓದಿಕೊಳ್ಳದೆಯೇ ತೆರೆದು ತೋರಿಸುವುದು ಇದರ ಮತ್ತೊಂದು ಗುಣ. ಇಂಗ್ಲಿಷಿನಲ್ಲಿ ‘ಹೆಚ್ಚು’ ಎಂಬ ಹೆಸರಿನದಕ್ಕಿಂತ ‘ಕಡಮೆ’ ಎಂಬ ಹೆಸರಿನದೇ ಹೆಚ್ಚು ಕೆಲಸಕ್ಕೆ ಬಂದುದು ವಿನೋದ.

ಇವುಗಳ ಗಣಿತಕ್ಕೆ ಆಧಾರವಾದುದು ರೋಮನ್ ಲಿಪಿ: ಒಂದು ಅಕ್ಷರ, ಒಂದು ಸಂಖ್ಯೆ, ಒಂದು ಮನೆ. ಕನ್ನಡವು ಈ ಕಟ್ಟಿಗೆ ಒಳಪಡುವುದಿಲ್ಲ. ಬೆಳಗಾವಿ ಜಿಲ್ಲೆಯ ‘ಅನಂತಪುರ’ವೆಂಬ ಊರಿನ ಹೆಸರನ್ನೇ ತೆಗೆದುಕೊಳ್ಳಬಹುದು. ಕಣ್ಣಿಗೆ 5 ಅಕ್ಷರ. ಆದರೆ ಅನುಸ್ವಾರ, ಉಕಾರಗಳು ಬೇರೆಯಾಗಿ ಎಣಿಸಲ್ಪಡುವುದರಿಂದ ಸಂಖ್ಯೆಗಳು 7. ‘ಸ್ತ್ರೀ’ ಎಂಬಲ್ಲಿ ಅಕ್ಷರ ಒಂದೇ, ಸಂಖ್ಯೆಗಳು 6. ಸಂಖ್ಯೆಗೊಂದು ಮನೆಯಂತೆ ಅಳೆದರೆ ಒತ್ತುಗಳು ಚದರಿ ಸಾಲು ಕೆಡದಿರಲು ಸಾಧ್ಯವಿಲ್ಲ.

ಕಾನ್ಪುರದ ಐಐಟಿಯಲ್ಲಿ ಮೊಳೆತು ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ‘ಜಿಸ್ಟ್’ ಭಾರತೀಯ ಲಿಪಿಗಳನ್ನು ತೆರೆಗೆ ತಂದಿತು. 1991ರ ಭಾರತೀಯ ಮಾನಕವಾದ ‘ಇಸ್ಕಿ’ ಸಂಕೇತದಲ್ಲಿ ಬ್ರಾಹ್ಮೀಮೂಲದ ಲಿಪಿಗಳಿಗೆಲ್ಲ ವರ್ಣಕ್ಕೊಂದೇ ಸಂಖ್ಯೆ; ಆದುದರಿಂದ ‘ಅನಂತಪುರ’ದ ಅವೇ 7 ಸಂಖ್ಯೆಗಳನ್ನು ಕನ್ನಡದಲ್ಲಿಯೂ ನಾಗರಿಯಲ್ಲಿಯೂ ಕಾಣಿಸಬಹುದಾಗಿತ್ತು. ಕನ್ನಡ ಮರಾಠಿಗಳೆರಡೂ ನಡೆಯುವ ಆ ಗಡಿಸೀಮೆಗೆ ಇದಕ್ಕಿಂತ ಒಪ್ಪುವ ಏರ್ಪಾಡು ದುರ್ಲಭ. ಅದೇ 1991ರಲ್ಲಿ ಪ್ರಕಟವಾದ ಯುನಿಕೋಡು ಕನ್ನಡಕ್ಕೆ ಪ್ರತ್ಯೇಕ ಸ್ಥಾನವನ್ನು ಕೊಟ್ಟಿತು. 2001ರ ವಿಂಡೋಸ್ ಎಕ್ಸ್‌ಪಿಯೊಡನೆ ‘ತುಂಗಾ’ ಅಕ್ಷರಗಳೂ ಬಂದುವು.

ನಡುವೆ ಇನ್ನೊಂದು ಪದ್ಧತಿ ಬೇರೂರಿತು. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಸಂಖ್ಯೆಯು ವರ್ಣಕ್ಕಲ್ಲ, ತಲೆಕಟ್ಟು, ಕೊಂಬು, ಒತ್ತು ಎಂಬ ಆಕಾರಗಳಿಗೆ ಸಲ್ಲುವುದು. ಕನ್ನಡಿಗರು ಗಣಕದಲ್ಲಿ ಧಾರಾಳವಾಗಿ ಬರೆಯತೊಡಗಿದುದು ಇವುಗಳಿಂದಲೇ. ಈ ಉಪಕಾರವನ್ನು ಮರೆಯಲಾಗದು. ಆದರೆ ಆ ಫಾಂಟಿಲ್ಲದ ಕಿಟಕಿಯಲ್ಲಿ ಅಂತಹ ಕಡತವನ್ನು ತೆರೆದರೆ ಕಾಣುವುದು ಅರ್ಥವಿಲ್ಲದ ರೋಮನ್ ಚಿಹ್ನೆಗಳ ರಾಶಿ.

ಬಟ್ಟೆಯ ಕಡತದಲ್ಲಿ ಬಳಪದ ಗೆರೆ ಅಳಿಸಿದರೆ ಪಾಠವೇ ಹೋಯಿತು. ಇಲ್ಲಿಯಾದರೋ ಒಂದು ಸಂಖ್ಯೆಯೂ ಅಳಿದಿರುವುದಿಲ್ಲ. ಓದುವ ಬಗೆ ಮಾತ್ರ ತಪ್ಪಿರುತ್ತದೆ. ಯುನಿಕೋಡಿಗೆ ಪರಿವರ್ತಿಸುವ ಸಾಧನಗಳುಂಟು. ಆದರೆ ಬರಿಯ ಪಠ್ಯದ ಕಡತವು ತನ್ನ ಫಾಂಟಿನ ಹೆಸರನ್ನು ಹೊತ್ತಿರುವುದಿಲ್ಲವಾದುದರಿಂದ, ಯಾವ ಫಾಂಟಿನಲ್ಲಿ ಅಚ್ಚಿಗೆ ಸಿದ್ಧವಾಯಿತೆಂಬುದನ್ನು ಅದನ್ನು ಬೆರಳಚ್ಚು ಮಾಡಿದವರಿಂದಲೇ, ಅವರು ಇರುವಾಗಲೇ, ಕೇಳಿ ಬರೆದಿಟ್ಟುಕೊಳ್ಳಬೇಕಾಗಿದೆ.