ಕೊಳಗ, ಕಡತ, ತೇರೀಜು: ವರ್ತಕರ ಮಾಹಿತಿ ವ್ಯವಸ್ಥೆಯ ಹಂತಗಳು

ವ್ಯಾಪಾರ ಸಂಸ್ಥೆಗಳು ಮಾಹಿತಿಯನ್ನು ಬಳಸುವ ಬಗೆಯನ್ನು ಆಧುನಿಕ ನಿರ್ವಹಣಾಶಾಸ್ತ್ರವು ಸಾಮಾನ್ಯವಾಗಿ ಮೂರು ಹಂತಗಳಲ್ಲಿ ವಿವರಿಸುತ್ತದೆ. ದಿನನಿತ್ಯದ ಕೆಲಸದ ನಿಯಂತ್ರಣ, ಮೇಲ್ವಿಚಾರಕರ ನಿಯಂತ್ರಣ ಹಾಗೂ ದೂರದೃಷ್ಟಿಯ ಯೋಜನೆ ಎಂಬ ಈ ವಿಂಗಡಣೆಯನ್ನು ರಾಬರ್ಟ್ ಆಂಥೊನಿಯವರು 1965ರ ತಮ್ಮ ಗ್ರಂಥದಲ್ಲಿ ಮಂಡಿಸಿದರು. ಗಣಕಯಂತ್ರ ಆಧಾರಿತ ವ್ಯವಸ್ಥೆಗಳನ್ನು ವರ್ಗೀಕರಿಸಲು ಇದೇ ಚೌಕಟ್ಟು ಮುಂದೆ ಬಳಕೆಗೆ ಬಂದಿತು. ಆದರೆ ಈ ಹಂತಗಳು ಯಂತ್ರದೊಡನೆ ಹುಟ್ಟಿದವಲ್ಲ. ಕನ್ನಡ ನಾಡಿನ ವರ್ತಕರ ಲೆಕ್ಕದ ಪರಂಪರೆಯಲ್ಲಿ ಅವು ಸ್ಪಷ್ಟವಾಗಿ ಗೋಚರಿಸುತ್ತವೆ.

ಮೊದಲ ಹಂತ ಮೌಖಿಕವಾದುದು. ಕಣದಲ್ಲಾಗಲಿ ಮಂಡಿಯಲ್ಲಾಗಲಿ ಧಾನ್ಯ ಅಳೆಯುವವನು ಕೊಳಗದ ಲೆಕ್ಕವನ್ನು ಗಟ್ಟಿಯಾಗಿ ಹೇಳುತ್ತಿದ್ದನು. ಮೊದಲನೆಯ ಅಳತೆಗೆ ‘ಒಂದು’ ಎನ್ನದೆ ‘ಲಾಭ’ ಎನ್ನುವ ರೂಢಿಯನ್ನು ಜಾನಪದ ವಿದ್ವಾಂಸರು ಶುಭನಂಬಿಕೆಯಾಗಿ ಗುರುತಿಸುವುದುಂಟು. ಅದರ ವ್ಯಾವಹಾರಿಕ ಮುಖವೂ ಅಷ್ಟೇ ಮುಖ್ಯವಾದುದು. ಎಣಿಕೆ ಹೊಸದಾಗಿ ಆರಂಭವಾಯಿತೆಂಬುದು ಕೊಡುವವನಿಗೂ ಕೊಳ್ಳುವವನಿಗೂ ಸುತ್ತ ನಿಂತವರಿಗೂ ಒಟ್ಟಿಗೆ ಕೇಳಿಸುತ್ತಿತ್ತು. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗವಾಗುವವರೆಗೆ ಈ ದಾಖಲೆಗೆ ಸಭೆಯೇ ಸಾಕ್ಷಿ. ಅಕ್ಷರವಿಲ್ಲದವನೂ ಅಲ್ಲಿ ತಪ್ಪನ್ನು ಹಿಡಿಯಬಲ್ಲವನಾಗಿದ್ದನು.

ಎಲ್ಲ ವ್ಯವಹಾರವೂ ಹೀಗೆ ಬಹಿರಂಗವಾಗಿರಲಿಲ್ಲ. ದನಗಳ ಜಾತ್ರೆಗಳಲ್ಲಿ ದಲ್ಲಾಳಿಯು ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ತಿಳಿಸುವ ಪದ್ಧತಿ ಇದಕ್ಕೆ ನಿದರ್ಶನ. ಅಳತೆ ಎಲ್ಲರಿಗೂ ತಿಳಿಯಬೇಕು, ಬೆಲೆ ಬೇಕಾದವರಿಗಷ್ಟೇ ತಿಳಿಯಬೇಕು ಎಂಬ ವಿವೇಚನೆ ಈ ಎರಡು ಆಚರಣೆಗಳ ಹಿಂದಿದೆ.

ಎರಡನೆಯ ಹಂತ ಗುಮಾಸ್ತನದು. ಇಲ್ಲಿ ಮಾತು ಬರಹವಾಗುತ್ತದೆ. ಮೈಸೂರು ಸೀಮೆಯಲ್ಲಿ ಈ ಬರಹದ ಸಾಧನ ಕಡತವಾಗಿತ್ತು. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟರಾಗಿದ್ದ ಮಾರ್ಕ್ ವಿಲ್ಕ್ಸ್ ಅವರು 1810ರಲ್ಲಿ ಪ್ರಕಟವಾದ ತಮ್ಮ ಇತಿಹಾಸ ಗ್ರಂಥದ ಮೊದಲ ಸಂಪುಟದಲ್ಲಿ ಇದನ್ನು ವಿವರವಾಗಿ ವರ್ಣಿಸಿದ್ದಾರೆ. ಎಂಟು ಅಂಗುಲದಿಂದ ಒಂದು ಅಡಿ ಅಗಲ, ಹನ್ನೆರಡರಿಂದ ಹದಿನೆಂಟು ಅಡಿ ಉದ್ದದ ಹತ್ತಿಬಟ್ಟೆಯ ಎರಡೂ ಮೈಗೆ ಅಂಟು ಮತ್ತು ಇದ್ದಿಲ ಪುಡಿಯನ್ನು ಲೇಪಿಸಿ, ಒಣಗಿಸಿ, ಕತ್ತರಿಸದೆಯೇ ಪುಸ್ತಕದ ಹಾಗೆ ಮಡಿಸಲಾಗುತ್ತಿತ್ತು. ಬರೆಯುವುದು ಬಳಪದಿಂದ. ವರ್ತಕರೂ ಅಂಗಡಿಕಾರರೂ ಇದನ್ನು ಸಾರ್ವತ್ರಿಕವಾಗಿ ಬಳಸುತ್ತಿದ್ದರೆಂದು ವಿಲ್ಕ್ಸ್ ಹೇಳುತ್ತಾರೆ. ಶೃಂಗೇರಿ ಮಠದ ಕಡತಗಳು ಈ ಸಾಧನವನ್ನು ಧಾರ್ಮಿಕ ಸಂಸ್ಥೆಗಳೂ ನೆಚ್ಚಿಕೊಂಡಿದ್ದುದನ್ನು ತೋರಿಸುತ್ತವೆ. ಇಂದು ಸರ್ಕಾರಿ ಕಚೇರಿಗಳಲ್ಲಿ ‘ಕಡತ’ ಎಂದರೆ ಕಾಗದಪತ್ರಗಳ ಕಟ್ಟು. ವಸ್ತು ಬದಲಾದರೂ ಪದ ಉಳಿದಿದೆ.

ಮೂರನೆಯ ಹಂತ ಸಾಹುಕಾರನದು. ಆಯಾ ದಿನದ ಜಮಾ ಖರ್ಚು ಕಿರ್ದಿಯಲ್ಲಿ, ಪ್ರತಿಯೊಬ್ಬ ಗಿರಾಕಿಯ ಲೆಕ್ಕ ಖಾತೆಯಲ್ಲಿ, ಒಟ್ಟು ಸಾರಾಂಶ ತೇರೀಜಿನಲ್ಲಿ ದಾಖಲಾಗುವ ಕ್ರಮವು ಮಾಹಿತಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಸಂಕ್ಷೇಪಿಸುತ್ತದೆ. ಯಾರಿಗೆ ಸಾಲ ಮುಂದುವರಿಸಬೇಕು, ಯಾವ ಸರಕನ್ನು ಹಿಡಿದಿಡಬೇಕು ಎಂಬ ನಿರ್ಧಾರಕ್ಕೆ ಯಜಮಾನನಿಗೆ ಬೇಕಾದುದು ಪ್ರತಿ ಕೊಳಗದ ಎಣಿಕೆಯಲ್ಲ, ಶಿಲ್ಕು. ದೀಪಾವಳಿಯಂದು ಹೊಸ ಲೆಕ್ಕದ ಪುಸ್ತಕಕ್ಕೆ ಪೂಜೆ ಸಲ್ಲಿಸುವ ಆಚರಣೆಯು ಈ ಹಂತದ ಅಧಿಕಾರಕ್ಕೆ ಪಾವಿತ್ರ್ಯವನ್ನೂ ಕೂಡಿಸಿತು.

ಸಮಸ್ಯೆ ಇರುವುದು ಈ ಮೆಟ್ಟಿಲುಗಳ ನಡುವೆಯೇ. ಬಳಪದ ಬರಹವನ್ನು ಒರೆಸಿ ಮತ್ತೆ ಬರೆಯಬಹುದು. ಟಿಪ್ಪು ಸುಲ್ತಾನನು ಸರ್ಕಾರಿ ಲೆಕ್ಕಗಳನ್ನು ಕಡತದಲ್ಲಿ ಬರೆಯುವುದನ್ನು ನಿಷೇಧಿಸಿದ್ದನೆಂದು ವಿಲ್ಕ್ಸ್ ದಾಖಲಿಸುತ್ತಾರೆ. ಆದರೂ ಕಡತವು ಕಾಗದಕ್ಕಿಂತ ಹೆಚ್ಚು ಬಾಳಿಕೆ ಬರುವ ಸಾಧನವೆಂಬುದು ಅವರ ಅಭಿಪ್ರಾಯ. ವರ್ತಕನೊಬ್ಬನ ಕಡತದಲ್ಲಿದ್ದ, ಸಾಕ್ಷಿಗಳ ಸಮೇತ ಬರೆದ ಸಾಲಪತ್ರವನ್ನು ವಿಚಾರಣೆಯಲ್ಲಿ ಪುರಾವೆಯಾಗಿ ಸ್ವೀಕರಿಸಿದ್ದನ್ನು ತಾವು ಕಂಡುದಾಗಿಯೂ ಅವರು ತಿಳಿಸುತ್ತಾರೆ. ಪುರಾವೆ ಸಾಲ ಕೊಟ್ಟವನ ಮನೆಯಲ್ಲಿತ್ತು, ಓದುಬರಹ ಬಾರದ ಸಾಲಗಾರನ ಬಳಿ ಇದ್ದುದು ನೆನಪು ಮಾತ್ರ ಎಂಬುದನ್ನು ಇಲ್ಲಿ ಗಮನಿಸಬೇಕು.

ಈ ಅಸಮತೆಯ ಪರಿಣಾಮವನ್ನು ನೆರೆಯ ಮುಂಬಯಿ ಪ್ರಾಂತದ ಇತಿಹಾಸ ತೋರಿಸುತ್ತದೆ. 1875ರ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸೂಪೆಯಲ್ಲಿ ಆರಂಭವಾಗಿ ಅಹಮದ್‌ನಗರ ಜಿಲ್ಲೆಗೂ ಹಬ್ಬಿದ ರೈತರ ದಂಗೆಯಲ್ಲಿ ಗುರಿಯಾದುದು ಮುಖ್ಯವಾಗಿ ಸಾಹುಕಾರರ ಸಾಲಪತ್ರಗಳು ಮತ್ತು ಲೆಕ್ಕದ ಪುಸ್ತಕಗಳು. ರೈತರು ಅವನ್ನು ಕಸಿದು ಸುಟ್ಟರು. ತಾವು ಓದಲಾರದ ದಾಖಲೆಯೇ ತಮ್ಮ ಭೂಮಿಯನ್ನು ಕಸಿಯುತ್ತಿದೆಯೆಂಬ ಅರಿವು ಈ ಕೃತ್ಯದ ಹಿಂದಿತ್ತು. 1879ರ ದಖನ್ ಕೃಷಿಕರ ಪರಿಹಾರ ಕಾಯಿದೆಯು ಸಾಲಗಾರ ರೈತನಿಗೆ ಲಿಖಿತ ರಸೀದಿ, ವಾರ್ಷಿಕ ಲೆಕ್ಕದ ವಿವರ ಹಾಗೂ ಪಾಸ್‌ಬುಕ್ಕಿನ ಹಕ್ಕನ್ನು ನೀಡಿತು. ಮೇಲೇರಿದ್ದ ಮಾಹಿತಿ ಕೆಳಕ್ಕೂ ಹರಿಯಬೇಕೆಂಬ ತತ್ತ್ವಕ್ಕೆ ಹೀಗೆ ಕಾನೂನಿನ ಮನ್ನಣೆ ದೊರೆಯಿತು.

ಇಂದಿನ ಸಂಸ್ಥೆಗಳಲ್ಲಿ ಮಾರಾಟದ ಪ್ರತಿಯೊಂದು ನಮೂದು ಗಣಕದಲ್ಲಿ ದಾಖಲಾಗಿ, ವ್ಯವಸ್ಥಾಪಕನಿಗೆ ವರದಿಯಾಗಿ, ಆಡಳಿತ ಮಂಡಳಿಗೆ ಸಾರಾಂಶವಾಗಿ ತಲುಪುತ್ತದೆ. ಕಿರ್ದಿ, ಖಾತೆ, ತೇರೀಜುಗಳ ಕ್ರಮವೇ ಇದು. ಆದ್ದರಿಂದ ಇಂತಹ ವ್ಯವಸ್ಥೆಯ ಅಧ್ಯಯನದಲ್ಲಿ ಮಾಹಿತಿ ಎಷ್ಟು ವೇಗವಾಗಿ ಮೇಲೇರುತ್ತದೆಂಬ ಪ್ರಶ್ನೆಯಷ್ಟೇ ಸಾಲದು. ತಿದ್ದುವ ಅಧಿಕಾರ ಯಾರದು, ಕೆಳಗಿನವನು ಅದನ್ನು ಪರಿಶೀಲಿಸಬಲ್ಲನೇ ಎಂಬುವೂ ಮುಖ್ಯ ಪ್ರಶ್ನೆಗಳಾಗುತ್ತವೆ. ಅಳತೆ ತೂಕಗಳ 1956ರ ಕಾಯಿದೆಯು ಮೆಟ್ರಿಕ್ ಪದ್ಧತಿಯನ್ನು ತಂದ ಬಳಿಕ ಕೊಳಗದೊಡನೆ ಅಳೆಯುವವನ ಎಣಿಕೆಯ ಪರಿಭಾಷೆಯೂ ಹಿಂದೆ ಸರಿಯಿತು. ಕಡತಗಳನ್ನು ರಕ್ಷಿಸುವಷ್ಟೇ ಕಾಳಜಿಯಿಂದ ಆ ಮೌಖಿಕ ಲೆಕ್ಕದ ಪದಗಳನ್ನೂ ಸಂಗ್ರಹಿಸಬೇಕಾಗಿದೆ. ಇಲ್ಲವಾದರೆ ಕನ್ನಡ ನಾಡಿನ ವಾಣಿಜ್ಯ ಚರಿತ್ರೆಯಲ್ಲಿ ಬರೆದವನ ಪಕ್ಷ ಮಾತ್ರ ಉಳಿದೀತು.